ಸೀಸೆಗಳ ಸಾಲು, ಜನರ ಸರಪಳಿ: ವಿದ್ಯುದ್ಧಾರಕಗಳ ಸರಣಿ–ಸಮಾಂತರ ನಿಯಮಗಳ ಚಾರಿತ್ರಿಕ ಹಿನ್ನೆಲೆ

1. ಪೀಠಿಕೆ

ವಿದ್ಯುದ್ಧಾರಕಗಳ ಜೋಡಣೆಯನ್ನು ಕುರಿತು ಭೌತವಿಜ್ಞಾನದ ಪಠ್ಯಪುಸ್ತಕಗಳು ನೀಡುವ ನಿಯಮಗಳು ಎರಡು. ಸಮಾಂತರವಾಗಿ ಜೋಡಿಸಿದ ಧಾರಕಗಳ ಧಾರಕತೆಗಳು ನೇರವಾಗಿ ಕೂಡುತ್ತವೆ; ಸರಣಿಯಲ್ಲಿ ಜೋಡಿಸಿದಾಗ ಅವುಗಳ ವ್ಯುತ್ಕ್ರಮಗಳು ಕೂಡುತ್ತವೆ. ಎರಡು ಸಾಲುಗಳಲ್ಲಿ ಮುಗಿದುಹೋಗುವ ಈ ನಿಯಮಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಆದರೆ ಇವು ಸೂತ್ರರೂಪಕ್ಕೆ ಬರುವ ಮೊದಲು ಹಲವು ದಶಕಗಳ ಕಾಲ ಕೈಯ ಅನುಭವವಾಗಿ, ಮೈಯ ನಡುಕವಾಗಿ, ಪ್ರಯೋಗಶಾಲೆಯ ರೂಢಿಯಾಗಿ, ಜನರ ಬಾಯಿಯ ಕಥೆಯಾಗಿ ಬದುಕಿದ್ದವು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ವಿಜ್ಞಾನದ ಚರಿತ್ರೆ ಬಹುಮಟ್ಟಿಗೆ ಲಿಖಿತ ದಾಖಲೆಗಳನ್ನು ಆಧರಿಸಿದ್ದು. ಸೂತ್ರ ಬರೆದವರ, ಪತ್ರ ಪ್ರಕಟಿಸಿದವರ ಹೆಸರುಗಳು ಅದರಲ್ಲಿ ಉಳಿಯುತ್ತವೆ. ಆಘಾತವನ್ನು ಮೈಮೇಲೆ ತೆಗೆದುಕೊಂಡವರ, ಸಾಲಿನಲ್ಲಿ ಕೈಹಿಡಿದು ನಿಂತವರ ಹೆಸರುಗಳು ಉಳಿಯುವುದು ಅಪರೂಪ. ಜಾನಪದ ಅಧ್ಯಯನಕ್ಕೆ ಈ ಬಗೆಯ ಮರೆವು ಪರಿಚಿತವಾದದ್ದೇ. ಹಾಡಿನ ಕರ್ತೃ ಅನಾಮಿಕನಾಗಿ ಹಾಡು ಉಳಿಯುವಂತೆ, ಇಲ್ಲಿ ಅನುಭವಿಸಿದವರು ಅನಾಮಿಕರಾಗಿ ಅನುಭವದ ಸಾರ ಮಾತ್ರ ಉಳಿಯಿತು. 1745ರಿಂದ 1924ರವರೆಗಿನ ಕೆಲವು ಮುಖ್ಯ ಘಟ್ಟಗಳ ಮೂಲಕ ಈ ಎರಡು ನಿಯಮಗಳು ರೂಪುಗೊಂಡ ಬಗೆಯನ್ನೂ, ಅವುಗಳೊಂದಿಗೆ ಬೆಳೆದ ಕಥನಗಳನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

2. ಕೈಯಲ್ಲಿ ಹಿಡಿದ ಸೀಸೆ

ಧಾರಕದ ಮೊದಲ ರೂಪ ಒಂದು ಗಾಜಿನ ಸೀಸೆ. ಪೊಮೆರೇನಿಯಾ ಪ್ರಾಂತದ ಕಾಮಿನ್ ಪಟ್ಟಣದ ಚರ್ಚಿನ ಅಧಿಕಾರಿಯಾಗಿದ್ದ ಎವಾಲ್ಡ್ ಗಿಯೋರ್ಗ್ ಫಾನ್ ಕ್ಲೈಸ್ಟ್ 1745ರ ಅಕ್ಟೋಬರ್ ತಿಂಗಳಲ್ಲಿ ಔಷಧಿಯ ಸೀಸೆಯೊಂದರಲ್ಲಿ ಮೊಳೆಯಿಳಿಸಿ, ಅದನ್ನು ಕೈಯಲ್ಲಿ ಹಿಡಿದು, ಘರ್ಷಣ ಯಂತ್ರದಿಂದ ಮೊಳೆಗೆ ವಿದ್ಯುತ್ತನ್ನು ಊಡಿದನು. ಬಳಿಕ ಇನ್ನೊಂದು ಕೈಯಿಂದ ಮೊಳೆಯನ್ನು ಮುಟ್ಟಿದಾಗ ತೋಳು ಹೆಗಲುಗಳನ್ನು ಅಲುಗಿಸುವಂತಹ ಆಘಾತವಾಯಿತು. ಈ ಸಂಗತಿಯನ್ನು ಆತ ಹಲವು ವಿದ್ವಾಂಸರಿಗೆ ಪತ್ರಮುಖೇನ ತಿಳಿಸಿದನು. ಆದರೆ ಪತ್ರ ಓದಿ ಪ್ರಯೋಗ ಮಾಡಿದವರಲ್ಲಿ ಹೆಚ್ಚಿನವರಿಗೆ ಏನೂ ದಕ್ಕಲಿಲ್ಲ. ಸೀಸೆಯನ್ನು ಕೈಯಲ್ಲಿ ಹಿಡಿದಿರಬೇಕು ಎಂಬ ಅಂಶವೇ ಈ ಪ್ರಯೋಗದ ಜೀವಾಳ ಎಂಬುದು ಆ ಪತ್ರಗಳಲ್ಲಿ ಸ್ಪಷ್ಟವಾಗಿರಲಿಲ್ಲ.

ಇದೇ ಅವಧಿಯಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫಾನ್ ಮುಶೆನ್‌ಬ್ರೂಕ್ ನೀರು ತುಂಬಿದ ಪಾತ್ರೆಗೆ ವಿದ್ಯುತ್ತನ್ನು ಊಡುವ ಪ್ರಯೋಗ ನಡೆಸುತ್ತಿದ್ದನು. ವಿದ್ಯುತ್ತು ಸೋರಿಹೋಗದಂತೆ ಪಾತ್ರೆಯನ್ನು ಅವಾಹಕ ಪೀಠದ ಮೇಲೆ ಇಡಬೇಕೆಂಬುದು ಅಂದಿನ ಶಾಸ್ತ್ರಸಮ್ಮತ ಕ್ರಮವಾಗಿತ್ತು. ಪ್ರಯೋಗವನ್ನು ನೋಡಲು ಬರುತ್ತಿದ್ದ ಆಂಡ್ರಿಯಾಸ್ ಕುನೇಯಸ್ ಎಂಬ ವಕೀಲನಿಗೆ ಈ ಕ್ರಮದ ಅರಿವಿರಲಿಲ್ಲ. ಪಾತ್ರೆಯನ್ನು ಕೈಯಲ್ಲೇ ಹಿಡಿದು ಪ್ರಯೋಗ ಮಾಡಿದ ಆತನಿಗೆ ತೀವ್ರ ಆಘಾತವಾಯಿತು. ಅನಂತರ ಮುಶೆನ್‌ಬ್ರೂಕ್‌ನೂ ಅದನ್ನು ಅನುಭವಿಸಿ 1746ರ ಜನವರಿಯಲ್ಲಿ ಪ್ಯಾರಿಸ್ಸಿನ ರೆಯೋಮೂರ್‌ಗೆ ಪತ್ರ ಬರೆದನು. ಇಡೀ ಫ್ರಾನ್ಸ್ ದೇಶವನ್ನೇ ಕೊಟ್ಟರೂ ಇನ್ನೊಮ್ಮೆ ಆ ಆಘಾತಕ್ಕೆ ಒಡ್ಡಿಕೊಳ್ಳುವುದಿಲ್ಲವೆಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಪತ್ರವನ್ನು ಫ್ರೆಂಚ್ ಭಾಷೆಗೆ ತಂದ ಅಬ್ಬೆ ನೋಲೆ ಈ ಉಪಕರಣವನ್ನು ಲೈಡನ್ನಿನ ಸೀಸೆ ಎಂದು ಕರೆದನು. ಆ ಹೆಸರೇ ನಿಂತಿತು. ಕ್ಲೈಸ್ಟ್‌ನ ಊರು ಆ ಹೆಸರಿನಲ್ಲಿ ಸೇರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಧಾರಕದ ರಚನೆಯಲ್ಲಿ ಮನುಷ್ಯನ ದೇಹವೇ ಒಂದು ಭಾಗವಾಗಿತ್ತು ಎಂಬುದು. ಎರಡು ವಾಹಕಗಳು, ಅವುಗಳ ನಡುವೆ ಒಂದು ಅವಾಹಕ — ಇಷ್ಟಿದ್ದರೆ ಧಾರಕವಾಗುತ್ತದೆ. ಸೀಸೆಯೊಳಗಿನ ನೀರು ಒಂದು ವಾಹಕ, ಗಾಜು ಅವಾಹಕ, ಹೊರಗಿನಿಂದ ಹಿಡಿದ ಅಂಗೈ ಎರಡನೆಯ ವಾಹಕ. ಪೀಠದ ಮೇಲೆ ಇಟ್ಟ ಸೀಸೆಗೆ ಹೊರಗಿನ ವಾಹಕವೇ ಇರಲಿಲ್ಲ; ಆದ್ದರಿಂದ ಅದು ವಿದ್ಯುತ್ತನ್ನು ಹೆಚ್ಚಾಗಿ ಹಿಡಿದಿಡಲಿಲ್ಲ. 1740ರ ದಶಕದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ವಿಲಿಯಂ ವಾಟ್ಸನ್ ಮತ್ತು ಜಾನ್ ಬೆವಿಸ್ ಗಾಜಿನ ಒಳಹೊರಗಿನ ಮೈಗಳಿಗೆ ಲೋಹದ ತೆಳುಹಾಳೆಯನ್ನು ಅಂಟಿಸಿದ ಮೇಲೆ ಕೈಯ ಕೆಲಸವನ್ನು ಲೋಹ ವಹಿಸಿಕೊಂಡಿತು. ಸೀಸೆಯ ಸಾಮರ್ಥ್ಯ ನೀರಿನ ಪ್ರಮಾಣವನ್ನಲ್ಲದೆ ಲೋಹ ಆವರಿಸಿದ ಗಾಜಿನ ವಿಸ್ತೀರ್ಣವನ್ನು ಅವಲಂಬಿಸಿದೆ ಎಂಬ ತಿಳಿವಳಿಕೆಯೂ ಆಗ ಮೂಡಿತು. ಸಮಾಂತರ ಜೋಡಣೆಯ ನಿಯಮದ ಬೀಜ ಈ ತಿಳಿವಳಿಕೆಯಲ್ಲಿಯೇ ಇದೆ.

3. ಸನ್ಯಾಸಿಗಳ ಸಾಲು: ಒಂದು ಕಥನದ ಪಾಠಾಂತರಗಳು

ಸೀಸೆಯ ಆಘಾತ ಅನೇಕರ ಮೂಲಕ ಏಕಕಾಲದಲ್ಲಿ ಹಾದುಹೋಗಬಲ್ಲದು ಎಂಬುದು ಬೇಗನೆ ತಿಳಿದುಬಂತು. 1746ರಲ್ಲಿ ನೋಲೆ ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಸಮ್ಮುಖದಲ್ಲಿ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿದನು. ಮೊದಲನೆಯವನು ಸೀಸೆಯನ್ನು ಹಿಡಿದಿದ್ದು, ಕೊನೆಯವನು ಅದರ ಕೊಕ್ಕೆಯನ್ನು ಮುಟ್ಟಿದಾಗ ಎಲ್ಲರೂ ಒಮ್ಮೆಗೇ ಹಾರಿಬಿದ್ದರು. ಪ್ಯಾರಿಸ್ಸಿನ ಕಾರ್ಥೂಸಿಯನ್ ಮಠದಲ್ಲಿಯೂ ಇಂತಹ ಪ್ರದರ್ಶನ ನಡೆಯಿತು. ಸನ್ಯಾಸಿಗಳ ನಡುನಡುವೆ ಕಬ್ಬಿಣದ ತಂತಿಗಳನ್ನು ಹಿಡಿಸಿ ಸಾಲನ್ನು ಉದ್ದಗೊಳಿಸಲಾಯಿತು. ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಪ್ರಕಟಿಸಿದ ವಿದ್ಯುತ್ತಿನ ಚರಿತ್ರೆಯಲ್ಲಿ ಈ ಸಾಲಿನ ಉದ್ದವನ್ನು 900 ತ್ವಾಸ್ ಎಂದು ಹೇಳಲಾಗಿದೆ. ಇದು ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಆಗುತ್ತದೆ.

ಈ ಘಟನೆಯ ಅನಂತರದ ನಿರೂಪಣೆಗಳಲ್ಲಿ ಮೌಖಿಕ ಕಥನದ ಲಕ್ಷಣಗಳು ಸ್ಪಷ್ಟವಾಗಿ ಕಾಣಬರುತ್ತವೆ. ಸನ್ಯಾಸಿಗಳ ಸಂಖ್ಯೆ ಕೆಲವೆಡೆ 200, ಕೆಲವೆಡೆ 700 ಎಂದಾಗುತ್ತದೆ. ನೇರ ಸಾಲು ಮೈಲಿಗಟ್ಟಲೆ ಸುತ್ತಳತೆಯ ವೃತ್ತವಾಗುತ್ತದೆ. ದೊರೆಯ ಅರಮನೆಯ ಪ್ರದರ್ಶನ ಹಾಗೂ ಮಠದ ಪ್ರದರ್ಶನ ಬೆರೆತು, ದೊರೆಯೆದುರು ಸನ್ಯಾಸಿಗಳೇ ನಿಂತಂತೆ ಹೇಳುವ ಪಾಠವೂ ಉಂಟು. ಸಂಖ್ಯೆ ಬೆಳೆಯುವುದು, ಎರಡು ಘಟನೆಗಳು ಒಂದಾಗುವುದು, ಪ್ರಸಿದ್ಧ ಪಾತ್ರವೊಂದು ಕಥೆಯೊಳಕ್ಕೆ ಬರುವುದು — ಇವು ಐತಿಹ್ಯಗಳ ಪ್ರಸರಣದಲ್ಲಿ ಸರ್ವತ್ರ ಕಂಡುಬರುವ ಪ್ರವೃತ್ತಿಗಳು. ಎಲ್ಲ ಪಾಠಾಂತರಗಳಲ್ಲಿಯೂ ಬದಲಾಗದೆ ಉಳಿದ ಅಂಶ ಒಂದೇ: ಎಲ್ಲರೂ ಒಂದೇ ಕ್ಷಣದಲ್ಲಿ ಬೆಚ್ಚಿದರು.

ಬದಲಾಗದೆ ಉಳಿದ ಈ ಅಂಶವೇ ವಿಜ್ಞಾನದ ದೃಷ್ಟಿಯಿಂದಲೂ ಮುಖ್ಯವಾದದ್ದು. ಒಂದರ ಹಿಂದೊಂದರಂತೆ ಜೋಡಿಸಿದ ಸಾಲಿನಲ್ಲಿ ಮೊದಲನೆಯವನ ಮೂಲಕ ಎಷ್ಟು ಆವೇಶ ಹಾದುಹೋಗುವುದೋ ಕೊನೆಯವನ ಮೂಲಕವೂ ಅಷ್ಟೇ ಹಾದುಹೋಗಬೇಕು. ನಡುವೆ ಬೇರೆ ದಾರಿಯಿಲ್ಲ. ಸರಣಿ ಜೋಡಣೆಯ ಮೂಲತತ್ತ್ವ ಇದು. ಸನ್ಯಾಸಿಗಳ ದೇಹಗಳು ವಿದ್ಯುತ್ತನ್ನು ಶೇಖರಿಸಿಕೊಳ್ಳಲಿಲ್ಲ, ಅದಕ್ಕೆ ದಾರಿ ಮಾತ್ರ ಆದವು. ಆ ಅರ್ಥದಲ್ಲಿ ಅವರ ಸಾಲು ರೋಧಕಗಳ ಸರಣಿಯೇ ಹೊರತು ಧಾರಕಗಳ ಸರಣಿಯಲ್ಲ. ಆದರೂ ಸಾಲಿನ ಪ್ರತಿಯೊಂದು ಘಟಕಕ್ಕೂ ಸಮಾನ ಆವೇಶ ಎಂಬ ತತ್ತ್ವ ಎರಡಕ್ಕೂ ಸಮಾನವಾದದ್ದು.

4. ಆರನೆಯ ವ್ಯಕ್ತಿ

ಸಾಲು ಒಮ್ಮೊಮ್ಮೆ ಕೈಕೊಟ್ಟದ್ದೂ ಉಂಟು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನಲ್ಲಿ ಪ್ರಾಯೋಗಿಕ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಸಿಗೋ ದ ಲಾ ಫೋನ್ ಕಾಲೇಜೊಂದರ ಅಂಗಳದಲ್ಲಿ ಸುಮಾರು 60 ಜನರನ್ನು ಸಾಲಾಗಿ ನಿಲ್ಲಿಸಿ ಸೀಸೆಯನ್ನು ವಿಸರ್ಜಿಸಿದಾಗ ಆಘಾತ ಆರನೆಯ ವ್ಯಕ್ತಿಯಿಂದ ಮುಂದಕ್ಕೆ ಹೋಗಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರೂ ಫಲ ಅದೇ. ಆ ಮನುಷ್ಯನಲ್ಲಿ ಪುರುಷತ್ವದ ಕೊರತೆಯಿದೆ, ಅದಕ್ಕೇ ವಿದ್ಯುತ್ತು ಅವನನ್ನು ದಾಟುತ್ತಿಲ್ಲ ಎಂಬ ವದಂತಿ ಪ್ಯಾರಿಸ್ಸಿನಲ್ಲಿ ಹಬ್ಬಿತು. ವದಂತಿಯನ್ನು ಪರೀಕ್ಷಿಸಲು, ದೊರೆಯ ಆಸ್ಥಾನದಲ್ಲಿದ್ದ, ಬಾಲ್ಯದಲ್ಲೇ ಬೀಜ ತೆಗೆಸಿಕೊಂಡಿದ್ದ ಮೂವರು ಗಾಯಕರನ್ನು ಸಾಲಿನಲ್ಲಿ ನಿಲ್ಲಿಸಲಾಯಿತು. ಆಘಾತ ಅವರೆಲ್ಲರ ಮೂಲಕವೂ ಹಾದುಹೋಯಿತು. ಅವರು ಇತರರಂತೆಯೇ ಬೆಚ್ಚಿದರು. ವದಂತಿಗೆ ಆಧಾರವಿಲ್ಲವೆಂಬುದು ಹೀಗೆ ಸಿದ್ಧವಾಯಿತು.

ನಿಜವಾದ ಕಾರಣ ಕಾಲಕೆಳಗಿನ ನೆಲದಲ್ಲಿತ್ತು. ನೆಲ ತೇವವಾಗಿದ್ದ ಕಡೆ ನಿಂತವನ ಪಾದದಿಂದ ಆವೇಶ ನೆಲಕ್ಕಿಳಿದು, ಆ ನೆಲದ ಮೂಲಕವೇ ಸೀಸೆಯ ಹೊರಮೈಗೆ ಹಿಂದಿರುಗುತ್ತಿತ್ತು. ಸಾಲಿನ ಉಳಿದ ಜನರ ದೇಹಗಳಿಗೆ ಸಮಾಂತರವಾಗಿ ಮತ್ತೊಂದು ಸುಲಭದ ದಾರಿ ಏರ್ಪಟ್ಟಿತ್ತು. ಆವೇಶದ ಬಹುಭಾಗ ಆ ದಾರಿಯನ್ನು ಹಿಡಿಯಿತು. ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಬಹುದಾದ ವಿವರಣೆ ಇದು. ಆದರೆ ಸಮಾಂತರ ಪಥವೆಂಬ ಪರಿಕಲ್ಪನೆಯೇ ಸ್ಪಷ್ಟವಿಲ್ಲದ ಕಾಲದಲ್ಲಿ ಆ ತಿಳಿವಳಿಕೆಯ ತೆರವನ್ನು ಸಮಾಜದ ಪೂರ್ವಗ್ರಹ ತುಂಬಿತು. ಒಬ್ಬ ಮನುಷ್ಯನ ಮಾನದ ಪ್ರಶ್ನೆ ನೆಲದ ತೇವಾಂಶದ ಪ್ರಶ್ನೆಯಾಗಿ ಪರಿಹಾರಗೊಂಡದ್ದು ವಿಜ್ಞಾನದ ಚರಿತ್ರೆಯಲ್ಲಿ ಸಣ್ಣ ಘಟನೆಯೆನಿಸಬಹುದು; ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಅದು ಸಣ್ಣದಲ್ಲ.

5. ಸೀಸೆಗಳ ಸಾಲು

ಜನರನ್ನು ಸಾಲಾಗಿ ನಿಲ್ಲಿಸಿದಂತೆ ಸೀಸೆಗಳನ್ನೂ ಸಾಲಾಗಿ ಜೋಡಿಸಬಹುದೆಂಬ ಆಲೋಚನೆ ಬಹುಬೇಗ ಹುಟ್ಟಿತು. ಕ್ಲೈಸ್ಟ್‌ನ ಪ್ರಯೋಗವನ್ನು ಯಶಸ್ವಿಯಾಗಿ ಪುನರಾವರ್ತಿಸಿದ ಡಾನ್ಸಿಗ್ ನಗರದ ಡೇನಿಯಲ್ ಗ್ರಾಲಾಟ್ 1746ರಲ್ಲಿಯೇ ಹಲವು ಸೀಸೆಗಳನ್ನು ಒಟ್ಟುಗೂಡಿಸಿ ಆಘಾತದ ತೀವ್ರತೆಯನ್ನು ಹೆಚ್ಚಿಸಿದನು. ಒಳಮೈಗಳೆಲ್ಲ ಒಂದೆಡೆಗೆ, ಹೊರಮೈಗಳೆಲ್ಲ ಇನ್ನೊಂದೆಡೆಗೆ ಸೇರುವ ಈ ಕ್ರಮವೇ ಸಮಾಂತರ ಜೋಡಣೆ. ಲೈಪ್‌ಜಿಗ್ ನಗರದ ಯೋಹಾನ್ ಹೈನ್‌ರಿಖ್ ವಿಂಕ್ಲರ್‌ನ ವರದಿಗಳಲ್ಲಿ ಆಘಾತದಿಂದ ಮೈ ಸೆಳೆತಕ್ಕೊಳಗಾದ ವಿವರಗಳಿವೆ. ಆತನ ಪತ್ನಿ ಎರಡು ಬಾರಿ ಆಘಾತವನ್ನು ತೆಗೆದುಕೊಂಡು ನಡೆಯಲಾರದಷ್ಟು ನಿತ್ರಾಣಳಾದಳೆಂದೂ, ಅನಂತರ ಮತ್ತೊಮ್ಮೆ ಧೈರ್ಯ ಮಾಡಿದಾಗ ಮೂಗಿನಿಂದ ರಕ್ತ ಸುರಿಯಿತೆಂದೂ ಪ್ರೀಸ್ಟ್ಲಿ ಬರೆದಿದ್ದಾನೆ. ಆ ಬರೆಹದಲ್ಲಿ ಆಕೆ ವಿಂಕ್ಲರ್‌ನ ಪತ್ನಿ ಮಾತ್ರ.

ಜೋಡಣೆಯ ಎರಡೂ ಕ್ರಮಗಳನ್ನು ಒಂದೇ ಉಪಕರಣದಲ್ಲಿ ತಂದವನು ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಂಜಮಿನ್ ಫ್ರಾಂಕ್ಲಿನ್. ಲಂಡನ್ನಿನ ಪೀಟರ್ ಕಾಲಿನ್‌ಸನ್‌ಗೆ ಆತ ಬರೆದ ಪತ್ರಗಳಲ್ಲಿ ಸೀಸೆಯ ಸಿದ್ಧಾಂತ ಕ್ರಮವಾಗಿ ಬೆಳೆಯುತ್ತದೆ. ಸೀಸೆಯ ಒಂದು ಮೈ ಎಷ್ಟು ವಿದ್ಯುತ್ತನ್ನು ಪಡೆಯುವುದೋ ಇನ್ನೊಂದು ಮೈ ಅಷ್ಟನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಇಡೀ ಸೀಸೆಯಲ್ಲಿರುವ ವಿದ್ಯುತ್ತಿನ ಮೊತ್ತ ಬದಲಾಗುವುದಿಲ್ಲ, ಹಂಚಿಕೆ ಮಾತ್ರ ಬದಲಾಗುತ್ತದೆ ಎಂಬುದು ಆತನ ನಿಲುವು. ಹಾಗಿದ್ದಲ್ಲಿ ಮೊದಲ ಸೀಸೆಯ ಹೊರಮೈ ಕಳೆದುಕೊಳ್ಳುವ ವಿದ್ಯುತ್ತನ್ನು ಎರಡನೆಯ ಸೀಸೆಯ ಒಳಮೈಗೆ, ಅದು ಕಳೆದುಕೊಳ್ಳುವುದನ್ನು ಮೂರನೆಯದಕ್ಕೆ ಊಡಬಹುದಲ್ಲವೆ? ಒಂದರ ಬಾಲಕ್ಕೆ ಇನ್ನೊಂದನ್ನು ತೂಗುಹಾಕಿದಂತಿರುವ ಈ ಕ್ರಮವೇ ಸರಣಿ ಜೋಡಣೆ.

1749ರ ಏಪ್ರಿಲ್ ತಿಂಗಳ ಪತ್ರದಲ್ಲಿ ಫ್ರಾಂಕ್ಲಿನ್ ವಿವರಿಸಿರುವ ಉಪಕರಣದಲ್ಲಿ ಕಿಟಕಿಯ ದೊಡ್ಡ ಗಾಜಿನ ಹಲಗೆಗಳು ಹನ್ನೊಂದು. ಪ್ರತಿ ಹಲಗೆಯ ಎರಡೂ ಮೈಗಳಿಗೆ ಸೀಸದ ತೆಳುತಗಡು. ಹಲಗೆಗಳನ್ನು ರೇಷ್ಮೆಯ ಹುರಿಗಳ ಆಧಾರದಲ್ಲಿ ಒಂದರ ಪಕ್ಕದಲ್ಲೊಂದು ನಿಲ್ಲಿಸಲಾಗಿತ್ತು. ಆವೇಶ ತುಂಬುವಾಗ ಅವು ಸರಣಿಯಲ್ಲಿರುತ್ತಿದ್ದವು. ತುಂಬಿದ ಬಳಿಕ ವಿದ್ಯುತ್ತು ಪಡೆದ ಮೈಗಳೆಲ್ಲವನ್ನು ಒಂದು ತಂತಿಗೆ, ಕಳೆದುಕೊಂಡ ಮೈಗಳೆಲ್ಲವನ್ನು ಇನ್ನೊಂದು ತಂತಿಗೆ ಸೇರಿಸಿ ಸಮಾಂತರವಾಗಿ ವಿಸರ್ಜಿಸಲಾಗುತ್ತಿತ್ತು. ಫಿರಂಗಿಗಳ ಸಾಲಿಗೆ ಬಳಕೆಯಲ್ಲಿದ್ದ ಬ್ಯಾಟರಿ ಎಂಬ ಪದವನ್ನು ಆತ ಈ ಉಪಕರಣಕ್ಕೆ ಬಳಸಿದನು.

ಒಂದು ಸೀಸೆಯನ್ನು ತುಂಬುವ ಶ್ರಮದಲ್ಲಿಯೇ ಸರಣಿಯ ಎಲ್ಲ ಸೀಸೆಗಳನ್ನೂ ಅಷ್ಟೇ ಮಟ್ಟಕ್ಕೆ ತುಂಬಬಹುದಾಗಿತ್ತು, ಆದರೆ ಪ್ರತಿಯೊಂದು ಸೀಸೆಯೂ ಹೊಸದನ್ನು ಪಡೆಯಲು ಹಾಗೂ ಹಳೆಯದನ್ನು ಬಿಡಲು ಸ್ವಲ್ಪ ಹಿಂಜರಿಯುತ್ತದೆ ಎಂಬುದು ಫ್ರಾಂಕ್ಲಿನ್‌ನ ಅಭಿಪ್ರಾಯ. ಇದರ ಪೂರ್ವಾರ್ಧದಲ್ಲಿ ಸರಣಿಯ ಸಮಾನ ಆವೇಶದ ತತ್ತ್ವವೂ, ಹಿಂಜರಿಕೆಯೆಂಬ ಮಾತಿನಲ್ಲಿ ವಿಭವದ ಹಂಚಿಕೆಯೂ ಅಡಗಿವೆ. ಹನ್ನೊಂದು ಹಲಗೆಗಳ ಸರಣಿಯಲ್ಲಿ ಪ್ರತಿ ಹಲಗೆಗೂ ಒಂದೇ ಹಲಗೆಯಷ್ಟು ಆವೇಶ ಬರಬೇಕಾದರೆ ಯಂತ್ರ ಹನ್ನೊಂದು ಪಟ್ಟು ವಿಭವವನ್ನು ಒದಗಿಸಬೇಕು. ಸಾಗಿಸಬೇಕಾದ ಆವೇಶ ಅಷ್ಟೇ. ಅದನ್ನು ಏರಿಸಬೇಕಾದ ಎತ್ತರ ಹನ್ನೊಂದು ಪಟ್ಟು. ಯಂತ್ರದ ವಿಭವ ಮೊದಲಿನಷ್ಟೇ ಇದ್ದರೆ ಪ್ರತಿ ಹಲಗೆಗೆ ದಕ್ಕುವುದು ಹನ್ನೊಂದನೆಯ ಒಂದು ಭಾಗ ಮಾತ್ರ. ಫ್ರಾಂಕ್ಲಿನ್ ಹಿಂಜರಿಕೆಯೆಂದು ಕರೆದದ್ದರ ಭೌತಿಕ ಅರ್ಥ ಇದು. ಜೋಡಣೆಯನ್ನು ಬದಲಿಸಿದ ಮಾತ್ರಕ್ಕೆ ಶಕ್ತಿ ಉಚಿತವಾಗಿ ದೊರೆಯುವುದಿಲ್ಲ.

6. ನಿಯಮಗಳ ಸ್ವರೂಪ

ಈ ಅನುಭವಗಳಿಂದ ಹೊರಹೊಮ್ಮಿದ ನಿಯಮಗಳನ್ನು ಇಂದಿನ ಪರಿಭಾಷೆಯಲ್ಲಿ ಹೀಗೆ ಸಂಗ್ರಹಿಸಬಹುದು. ಸಮಾಂತರ ಜೋಡಣೆಯಲ್ಲಿ ಎಲ್ಲ ಧಾರಕಗಳ ವಿಭವ ಸಮಾನ, ಆವೇಶಗಳು ಕೂಡುತ್ತವೆ. ಸರಣಿ ಜೋಡಣೆಯಲ್ಲಿ ಎಲ್ಲ ಧಾರಕಗಳ ಆವೇಶ ಸಮಾನ, ವಿಭವಗಳು ಕೂಡುತ್ತವೆ. ಸಮಾಂತರ ಜೋಡಣೆ ತಗಡುಗಳ ವಿಸ್ತೀರ್ಣವನ್ನು ಹಿಗ್ಗಿಸಿದಂತೆ. ಸರಣಿ ಜೋಡಣೆ ತಗಡುಗಳ ನಡುವಣ ಅಂತರವನ್ನು ಹೆಚ್ಚಿಸಿದಂತೆ. ಆದ್ದರಿಂದ ಮೊದಲನೆಯದರಲ್ಲಿ ಒಟ್ಟು ಧಾರಕತೆ ಅತಿ ದೊಡ್ಡ ಧಾರಕಕ್ಕಿಂತ ಹೆಚ್ಚು. ಎರಡನೆಯದರಲ್ಲಿ ಅತಿ ಚಿಕ್ಕ ಧಾರಕಕ್ಕಿಂತಲೂ ಕಡಿಮೆ. ರೋಧಕಗಳ ನಿಯಮ ಇದಕ್ಕೆ ವಿರುದ್ಧವಾಗಿರುವುದರಿಂದ ವಿದ್ಯಾರ್ಥಿಗಳು ಇವೆರಡನ್ನು ಅದಲುಬದಲು ಮಾಡುವುದು ಸಾಮಾನ್ಯ.

ಉದಾಹರಣೆಗೆ, ತಲಾ 6 ಮೈಕ್ರೋಫ್ಯಾರಡ್ ಧಾರಕತೆಯ ಮೂರು ಧಾರಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ಧಾರಕತೆ 18 ಮೈಕ್ರೋಫ್ಯಾರಡ್. ಸರಣಿಯಲ್ಲಿ ಜೋಡಿಸಿದರೆ 2 ಮೈಕ್ರೋಫ್ಯಾರಡ್. ಇವುಗಳಿಗೆ 300 ವೋಲ್ಟ್ ವಿಭವವನ್ನು ಒದಗಿಸಿದಾಗ ಸಮಾಂತರದಲ್ಲಿ ಪ್ರತಿಯೊಂದೂ ಪೂರ್ಣ 300 ವೋಲ್ಟನ್ನು ತಾಳಿಕೊಂಡು 1800 ಮೈಕ್ರೋಕೂಲಂಬ್ ಆವೇಶ ಪಡೆಯುತ್ತದೆ. ಸರಣಿಯಲ್ಲಿ ಪ್ರತಿಯೊಂದರ ಪಾಲಿಗೆ ಬರುವುದು 100 ವೋಲ್ಟ್, 600 ಮೈಕ್ರೋಕೂಲಂಬ್. ಸಂಗ್ರಹವಾಗುವ ಶಕ್ತಿ ಸಮಾಂತರದಲ್ಲಿ 0.81 ಜೂಲ್, ಸರಣಿಯಲ್ಲಿ 0.09 ಜೂಲ್.

ಧಾರಕಗಳು ಅಸಮಾನವಾಗಿದ್ದಾಗ ಸರಣಿಯ ಗುಣ ಇನ್ನಷ್ಟು ಸ್ಪಷ್ಟವಾಗುತ್ತದೆ. 2 ಮತ್ತು 6 ಮೈಕ್ರೋಫ್ಯಾರಡ್‌ಗಳ ಎರಡು ಧಾರಕಗಳ ಸರಣಿಗೆ 400 ವೋಲ್ಟ್ ಒದಗಿಸಿದರೆ ಚಿಕ್ಕದರ ಮೇಲೆ 300, ದೊಡ್ಡದರ ಮೇಲೆ 100 ವೋಲ್ಟ್ ಬೀಳುತ್ತದೆ. ಸಾಲಿನಲ್ಲಿ ಚಿಕ್ಕದಾದದ್ದೇ ಹೆಚ್ಚಿನ ಭಾರವನ್ನು ಹೊರುತ್ತದೆ, ಆದ್ದರಿಂದ ಅದೇ ಮೊದಲು ಒಡೆಯುವ ಸಂಭವವಿರುತ್ತದೆ. ಸಮಾಂತರದಲ್ಲಿ ಅಪಾಯದ ಬಗೆ ಬೇರೆ. ಒಂದು ಸೀಸೆ ಒಡೆದರೆ ಉಳಿದ ಸೀಸೆಗಳ ಆವೇಶವೆಲ್ಲ ಆ ಬಿರುಕಿನ ಮೂಲಕವೇ ಹರಿದುಹೋಗುತ್ತದೆ. ದೊಡ್ಡ ಬ್ಯಾಟರಿಗಳ ಒಡೆಯರಿಗೆ ಸೂತ್ರ ತಿಳಿಯದಿದ್ದರೂ ಈ ನಷ್ಟದ ಅನುಭವವಿತ್ತು. ಅಪಾಯದ ಅನುಭವ ಫ್ರಾಂಕ್ಲಿನ್‌ಗೂ ಆಯಿತು. 1750ರ ಡಿಸೆಂಬರಿನಲ್ಲಿ ಎರಡು ದೊಡ್ಡ ಜಾಡಿಗಳ ವಿದ್ಯುತ್ತಿನಿಂದ ಟರ್ಕಿ ಕೋಳಿಯನ್ನು ಕೊಲ್ಲಲು ಹೊರಟ ಆತ ಆ ಆಘಾತವನ್ನು ತನ್ನ ಮೈಮೇಲೆಯೇ ತೆಗೆದುಕೊಂಡು ಕೆಲಕಾಲ ಪ್ರಜ್ಞೆ ತಪ್ಪಿದ್ದನು.

7. ಮೀನು, ಮೈ ಮತ್ತು ಅಳತೆ

ಸೀಸೆಯ ಆಘಾತಕ್ಕೆ ಮೊದಲೇ ಅದೇ ಬಗೆಯ ಆಘಾತವನ್ನು ಬಲ್ಲವರಿದ್ದರು. ಟಾರ್ಪಿಡೋ ಎಂಬ ಕಡಲ ಮೀನು ಮುಟ್ಟಿದವರ ಕೈಯನ್ನು ಮರಗಟ್ಟಿಸುತ್ತದೆ ಎಂಬುದು ಮೆಡಿಟರೇನಿಯನ್ ತೀರದ ಬೆಸ್ತರ ಪ್ರಾಚೀನ ತಿಳಿವಳಿಕೆ. ಈಟಿ ಅಥವಾ ಕೋಲಿನಿಂದ ಮುಟ್ಟಿದರೂ ಮರಗಟ್ಟುವಿಕೆ ಕೈಗೆ ಹತ್ತುವುದೆಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಕ್ರಿಸ್ತಶಕ ಮೊದಲ ಶತಮಾನದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವು ಹಾಗೂ ಸಂಧಿವಾತಗಳಿಗೆ ಈ ಮೀನಿನ ಸ್ಪರ್ಶವನ್ನು ಚಿಕಿತ್ಸೆಯಾಗಿ ಹೇಳಿದ್ದಾನೆ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು ಅನಂತರ ಇಂಗ್ಲೆಂಡಿಗೆ ಮರಳಿದ್ದ ಜಾನ್ ವಾಲ್ಶ್ 1772ರಲ್ಲಿ ಫ್ರಾನ್ಸಿನ ಲಾ ರೋಷೆಲ್ ತೀರದಲ್ಲಿ ಈ ಮೀನನ್ನು ಪರೀಕ್ಷಿಸಿದನು. ನೀರಿನ ಬೋಗುಣಿಗಳ ಮೂಲಕ ಒಬ್ಬರಿಗೊಬ್ಬರನ್ನು ಸೇರಿಸಿ ನಿಲ್ಲಿಸಿದ ಜನರ ಸಾಲಿನಲ್ಲಿ ಮೀನಿನ ಆಘಾತವೂ ಸೀಸೆಯ ಆಘಾತದಂತೆಯೇ ಹಾದುಹೋಯಿತು. ಜಾನ್ ಹಂಟರ್ ಮೀನನ್ನು ಛೇದಿಸಿ, ಪ್ರತಿ ಅಂಗದಲ್ಲಿ ಸುಮಾರು 470 ಕಂಬಗಳಂತಹ ರಚನೆಗಳಿವೆಯೆಂದು 1773ರಲ್ಲಿ ವರದಿ ಮಾಡಿದನು.

ಆದರೆ ಮೀನಿನಿಂದ ಕಿಡಿ ಹಾರುತ್ತಿರಲಿಲ್ಲ. ಕಿಡಿಯಿಲ್ಲದ ಮೇಲೆ ಅದು ವಿದ್ಯುತ್ತು ಹೇಗಾದೀತು ಎಂಬ ಆಕ್ಷೇಪ ಬಂತು. ಇದಕ್ಕೆ ಉತ್ತರ ನೀಡಿದವನು ಹೆನ್ರಿ ಕ್ಯಾವೆಂಡಿಶ್. ಆತ ಮರ ಹಾಗೂ ತೊಗಲುಗಳಿಂದ ಕೃತಕ ಮೀನುಗಳನ್ನು ಮಾಡಿ, ಲೋಹದ ತಗಡುಗಳನ್ನು ಅಳವಡಿಸಿ, ಉಪ್ಪುನೀರಿನಲ್ಲಿರಿಸಿ, 49 ಸೀಸೆಗಳ ಬ್ಯಾಟರಿಗೆ ಸೇರಿಸಿದನು. ಸೀಸೆಗಳನ್ನು ಬಹಳ ಕಡಿಮೆ ಮಟ್ಟಕ್ಕೆ ಮಾತ್ರ ತುಂಬಿದಾಗ ಕಿಡಿ ಹಾರಲಿಲ್ಲ, ಆಘಾತ ಮಾತ್ರ ಉಂಟಾಯಿತು. 1775ರಲ್ಲಿ ಹಂಟರ್ ಹಾಗೂ ಪ್ರೀಸ್ಟ್ಲಿ ಮೊದಲಾದವರು ಆತನ ಮನೆಗೆ ಬಂದು ಇದನ್ನು ಪರೀಕ್ಷಿಸಿದರು; ಪ್ರಬಂಧ 1776ರಲ್ಲಿ ಪ್ರಕಟವಾಯಿತು. ವಿದ್ಯುತ್ತಿನ ಪ್ರಮಾಣವೇ ಬೇರೆ, ಅದರ ಏರಿಕೆಯ ಮಟ್ಟವೇ ಬೇರೆ ಎಂಬ ವಿವೇಚನೆ ಇಲ್ಲಿ ಸಿದ್ಧಿಸಿತು. ಸಮಾಂತರ ಜೋಡಣೆ ಪ್ರಮಾಣವನ್ನು ಹೆಚ್ಚಿಸುತ್ತದೆ, ಮಟ್ಟವನ್ನಲ್ಲ. ವಿದ್ಯುತ್ ಮೀನುಗಳ ಶರೀರರಚನೆಯಲ್ಲಿಯೂ ಜೋಡಣೆಯ ಇದೇ ಭೇದವಿದೆ. ವಿದ್ಯುತ್ತು ಸುಲಭವಾಗಿ ಹರಿಯುವ ಉಪ್ಪುನೀರಿನ ಟಾರ್ಪಿಡೋ ಮೀನಿನಲ್ಲಿ ನೂರಾರು ಕಂಬಗಳು ಸಮಾಂತರವಾಗಿವೆ. ಸಿಹಿನೀರಿನ ದಕ್ಷಿಣ ಅಮೆರಿಕದ ವಿದ್ಯುತ್ ಈಲ್ ಮೀನಿನಲ್ಲಿ ಸಾವಿರಾರು ಕೋಶಗಳು ಉದ್ದನೆಯ ಸರಣಿಯಲ್ಲಿವೆ. 2019ರಲ್ಲಿ ಹೊಸದಾಗಿ ಗುರುತಿಸಲಾದ ಒಂದು ಪ್ರಭೇದದಲ್ಲಿ 860 ವೋಲ್ಟ್ ಅಳೆಯಲಾಗಿದೆ.

ಕ್ಯಾವೆಂಡಿಶ್‌ನ ಕಾಲದಲ್ಲಿ ವಿದ್ಯುತ್ ಪ್ರವಾಹವನ್ನು ಅಳೆಯುವ ಮಾಪಕವಿರಲಿಲ್ಲ. ಎರಡು ಆಘಾತಗಳಲ್ಲಿ ಯಾವುದು ಹೆಚ್ಚೆಂಬುದನ್ನು ಆತ ತನ್ನ ಮೈಯಿಂದಲೇ ನಿರ್ಣಯಿಸುತ್ತಿದ್ದನು. ರಿಚರ್ಡ್ ಎಂಬ ಸೇವಕನೂ ಆಘಾತಗಳನ್ನು ತೆಗೆದುಕೊಂಡು ಹೋಲಿಸುತ್ತಿದ್ದುದು ಟಿಪ್ಪಣಿಗಳಿಂದ ತಿಳಿಯುತ್ತದೆ. ಗಾಜಿನ ಹಲಗೆಗಳ ಧಾರಕತೆಯನ್ನು ಕ್ಯಾವೆಂಡಿಶ್ ಅಷ್ಟೇ ಧಾರಕತೆಯುಳ್ಳ ಗೋಲದ ಅಂಗುಲಗಳ ಲೆಕ್ಕದಲ್ಲಿ ಅಳೆದಿದ್ದನು. ನಡುವಣ ಅವಾಹಕವನ್ನು ಬದಲಿಸಿದರೆ ಧಾರಕತೆ ಬದಲಾಗುವುದನ್ನು 1837ರಲ್ಲಿ ಮೈಕೆಲ್ ಫ್ಯಾರಡೆ ಪ್ರಕಟಿಸುವುದಕ್ಕೆ ದಶಕಗಳ ಮೊದಲೇ ಕಂಡಿದ್ದನು. ಆದರೆ ಈ ಕೆಲಸದ ಬಹುಭಾಗ ಅಪ್ರಕಟಿತವಾಗಿಯೇ ಉಳಿದು, 1810ರಲ್ಲಿ ಆತ ತೀರಿಕೊಂಡನು. ಹಸ್ತಪ್ರತಿಗಳನ್ನು ಸಂಪಾದಿಸಿ 1879ರಲ್ಲಿ ಪ್ರಕಟಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಕೇಂಬ್ರಿಜ್‌ನ ಪ್ರಯೋಗಾಲಯದಲ್ಲಿ ಆತ ಮೈಯಿಂದ ಅಳೆಯುವ ವಿಧಾನವನ್ನೂ ಪುನಃ ಪ್ರಯೋಗಿಸಿ, ಭೇಟಿಗೆ ಬಂದವರನ್ನೂ ಆ ಪರೀಕ್ಷೆಗೆ ಒಳಪಡಿಸುತ್ತಿದ್ದನು. ಹಸ್ತಪ್ರತಿಗಳು ದೊರೆಯದೆ ಹೋಗಿದ್ದರೆ ಕ್ಯಾವೆಂಡಿಶ್‌ನ ಅಳತೆಗಳೂ ರಿಚರ್ಡ್‌ನ ಹೆಸರೂ ಒಟ್ಟಿಗೇ ಅಳಿಯುತ್ತಿದ್ದವು.

8. ಪದಗಳ ಪಯಣ

ಪರಿಕಲ್ಪನೆಗಳ ಚರಿತ್ರೆ ಪದಗಳಲ್ಲಿಯೂ ಉಳಿದಿರುತ್ತದೆ. ಇಟಲಿಯ ಅಲೆಸಾಂದ್ರೊ ವೋಲ್ಟಾ 1778ರಲ್ಲಿ ವಾಹಕಗಳ ಸಾಮರ್ಥ್ಯ ಎಂಬ ಪರಿಕಲ್ಪನೆಯನ್ನು ವಿವರಿಸಿ, ಆವೇಶವು ಸಾಮರ್ಥ್ಯ ಹಾಗೂ ಒತ್ತಡಗಳ ಗುಣಲಬ್ಧವೆಂದು ತೋರಿಸಿದನು. 1782ರಲ್ಲಿ ತನ್ನ ಇನ್ನೊಂದು ಉಪಕರಣಕ್ಕೆ ಸಾಂದ್ರಗೊಳಿಸುವುದು ಎಂಬ ಅರ್ಥದ ಕಂಡೆನ್ಸರ್ ಎಂಬ ಹೆಸರಿಟ್ಟನು. ಇಪ್ಪತ್ತನೆಯ ಶತಮಾನದಲ್ಲಿ ಶಾಸ್ತ್ರಗ್ರಂಥಗಳು ಆ ಪದವನ್ನು ಬಿಟ್ಟು ಕೆಪಾಸಿಟರ್ ಎಂಬುದನ್ನು ಸ್ವೀಕರಿಸಿದವು. ಕನ್ನಡದಲ್ಲಿ ಧಾರಕ ಎಂಬ ಪಾರಿಭಾಷಿಕ ಪದ ಬಂತು. ಆದರೆ ಕರ್ನಾಟಕದ ಊರುಗಳಲ್ಲಿ ಫ್ಯಾನು, ಮೋಟಾರು ರಿಪೇರಿ ಮಾಡುವವರ ಮಾತಿನಲ್ಲಿ ಕಂಡೆನ್ಸರ್ ಎಂಬುದೇ ಇಂದಿಗೂ ಬಳಕೆಯಲ್ಲಿದೆ. ಗ್ರಂಥಗಳು ಕೈಬಿಟ್ಟ ಹಳೆಯ ರೂಪವನ್ನು ಆಡುನುಡಿ ಕಾಪಾಡಿಕೊಂಡು ಬರುವುದಕ್ಕೆ ಇದೊಂದು ನಿದರ್ಶನ.

ಬ್ಯಾಟರಿ ಎಂಬ ಪದವೂ ಹೀಗೆಯೇ ಪಯಣಿಸಿದೆ. ಫಿರಂಗಿಗಳ ಸಾಲಿನಿಂದ ಫ್ರಾಂಕ್ಲಿನ್‌ನ ಧಾರಕಗಳ ಸಾಲಿಗೆ, ಅಲ್ಲಿಂದ 1800ರಲ್ಲಿ ವೋಲ್ಟಾ ಪ್ರಕಟಿಸಿದ ರಾಸಾಯನಿಕ ಕೋಶಗಳ ಸರಣಿಗೆ, ಅಲ್ಲಿಂದ ಕನ್ನಡಿಗರು ರಾತ್ರಿ ಹೊಲಕ್ಕೆ ಹೋಗುವಾಗ ಹಿಡಿಯುವ ಕೈದೀಪಕ್ಕೆ ಅದು ಬಂದಿದೆ. ಧಾರಕಗಳಿಗೆ ಆ ಹೆಸರು ಈಗ ಸಲ್ಲುವುದಿಲ್ಲ. ಸೀಸೆಯ ನೆನಪು ಇನ್ನೊಂದೆಡೆ ಉಳಿಯಿತು. ಬ್ರಿಟಿಷ್ ನೌಕಾದಳ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಧಾರಕತೆಯನ್ನು ಜಾಡಿ ಎಂಬರ್ಥದ ಜಾರ್ ಎಂಬ ಮಾನದಿಂದ ಅಳೆಯುತ್ತಿತ್ತು. ಒಂದು ಮೈಕ್ರೋಫ್ಯಾರಡ್‌ಗೆ 900 ಜಾರ್‌ಗಳು. ಅಂತರರಾಷ್ಟ್ರೀಯ ಮಾನವಾದ ಫ್ಯಾರಡ್ 1881ರ ಪ್ಯಾರಿಸ್ ಸಮ್ಮೇಳನದಲ್ಲಿ ಅಂಗೀಕೃತವಾಗಿತ್ತು.

9. ಉಪಸಂಹಾರ

1924ರಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್ ವಿವರಿಸಿದ ಆವೇಗ ಜನಕದಲ್ಲಿ ಫ್ರಾಂಕ್ಲಿನ್‌ನ ಕ್ರಮ ತಿರುವುಮುರುವಾಯಿತು. ಇದರಲ್ಲಿ ಧಾರಕಗಳು ಸಮಾಂತರವಾಗಿ ತುಂಬುತ್ತವೆ. ಕಿಡಿಯಂತರಗಳು ಹೊತ್ತಿಕೊಂಡಾಗ ಸರಣಿಯಲ್ಲಿ ವಿಸರ್ಜಿಸುತ್ತವೆ. ಪ್ರತಿಯೊಂದರ ವಿಭವ ಕೂಡಿ, ಮಿಂಚಿನ ಹೊಡೆತವನ್ನು ಹೋಲುವ ಲಕ್ಷಾಂತರ ವೋಲ್ಟುಗಳು ಕ್ಷಣಮಾತ್ರ ದೊರೆಯುತ್ತವೆ. ವಿದ್ಯುತ್ ಸಾಗಣೆಯ ಉಪಕರಣಗಳು ಸಿಡಿಲನ್ನು ತಾಳಬಲ್ಲವೇ ಎಂಬುದನ್ನು ಪರೀಕ್ಷಿಸಲು ಇಂದು ಈ ಯಂತ್ರವೇ ಆಧಾರ. ಫ್ರಾಂಕ್ಲಿನ್‌ಗೆ ಬೇಕಾದದ್ದು ಹೆಚ್ಚಿನ ಆವೇಶ, ಮಾರ್ಕ್ಸ್‌ಗೆ ಬೇಕಾದದ್ದು ಹೆಚ್ಚಿನ ವಿಭವ. ನಿಯಮಗಳು ಅವೇ ಎರಡು. ನೀರೆತ್ತುವ ಪಂಪ್‌ಸೆಟ್ಟಿನ ಮೋಟಾರಿಗೆ ಸಮಾಂತರವಾಗಿ ಜೋಡಿಸುವ ಧಾರಕದಲ್ಲಿಯೂ, ದೂರಸಾಗಣೆಯ ತಂತಿಗಳಲ್ಲಿ ಸರಣಿಯಾಗಿ ಸೇರಿಸುವ ಧಾರಕಗಳಲ್ಲಿಯೂ ಕೆಲಸ ಮಾಡುತ್ತಿರುವುದು ಇವೇ.

ಈ ಚರಿತ್ರೆಯಿಂದ ವೇದ್ಯವಾಗುವ ಮುಖ್ಯ ಅಂಶಗಳು ಮೂರು. ಒಂದು, ಈ ನಿಯಮಗಳು ಯಾವೊಬ್ಬನ ಶೋಧವೂ ಅಲ್ಲ. ಚರ್ಚಿನ ಅಧಿಕಾರಿ, ವಕೀಲ, ಬೆಸ್ತ, ಸೇವಕ, ಭಟ, ಸನ್ಯಾಸಿಗಳೆಲ್ಲರ ಅನುಭವ ಅವುಗಳಲ್ಲಿ ಸೇರಿದೆ. ಎರಡು, ಶಾಸ್ತ್ರಕ್ರಮವನ್ನು ಅರಿಯದವನ ಕೈಯಲ್ಲಿಯೇ ಲೈಡನ್ನಿನ ಸೀಸೆ ಫಲಿಸಿತು. ಬರೆಹದಲ್ಲಿ ಬಿಟ್ಟುಹೋದ ಕೈಯ ವಿವರವೇ ಕ್ಲೈಸ್ಟ್‌ನ ಕೀರ್ತಿಯನ್ನು ಕುಂದಿಸಿತು. ಆದ್ದರಿಂದ ಪ್ರಯೋಗಜ್ಞಾನದ ಚರಿತ್ರೆಯನ್ನು ಬರೆಯುವವರು ಸೂತ್ರದ ಜೊತೆಗೆ ಅಭ್ಯಾಸವನ್ನೂ ದಾಖಲಿಸಬೇಕಾಗುತ್ತದೆ. ಮೂರು, ಕಾರಣ ತಿಳಿಯದ ಕಡೆ ವದಂತಿ ಕಾರಣವನ್ನು ಕಲ್ಪಿಸುತ್ತದೆ, ಹಾಗೂ ಆ ಕಲ್ಪನೆಯ ಭಾರ ಬೀಳುವುದು ಸಾಲಿನಲ್ಲಿ ನಿಂತ ಯಾರೋ ಒಬ್ಬನ ಮೇಲೆ. ಪ್ಯಾರಿಸ್ಸಿನ ಆರನೆಯ ವ್ಯಕ್ತಿಯನ್ನು ಆ ಭಾರದಿಂದ ಬಿಡಿಸಿದ್ದು ಒದ್ದೆ ನೆಲದ ಸರಿಯಾದ ವಿವರಣೆ. ಸರಣಿ ಮತ್ತು ಸಮಾಂತರಗಳ ನಿಯಮಗಳನ್ನು ಬೋಧಿಸುವಾಗ ಈ ಪ್ರಸಂಗವನ್ನೂ ಹೇಳುವುದು ಉಚಿತವೆನಿಸುತ್ತದೆ.